ಬ್ಯಾಲೆ ಲಂಗಕ್ಕೆ ಗಂಜಿ

ಮಸ್ಕತ್‌ನ ಅಲ್ ಖುವೈರಿನ ನಮ್ಮ ಫ್ಲ್ಯಾಟಿನಲ್ಲಿ ಎರಡು ಹೊಲಿಗೆ ಯಂತ್ರಗಳಿವೆ. ಎರಡೂ ನನ್ನವೇ. ಆದರೆ ಚಳಿಗಾಲದಲ್ಲಿ ಊರಿನಿಂದ ಮಾಮಿ ಬಂದರೆಂದರೆ ಎರಡೂ ಅವರದಾಗುತ್ತವೆ. ಮಾಮಿ ಎಂದರೆ ನನ್ನ ಗಂಡನ ತಾಯಿ. ಉಡುಪಿ ಕಡೆಯ ನಮ್ಮ ತುಳುವಿನಲ್ಲಿ ಅತ್ತೆಯನ್ನು ಹಾಗೆ ಕರೆಯುತ್ತೇವೆ. ಅವರಿಗೆ ಎಂಬತ್ತು ದಾಟಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಸೂಜಿಗೆ ದಾರವನ್ನು ನನಗಿಂತ ಬೇಗ ಪೋಣಿಸುತ್ತಾರೆ. ಪೋಣಿಸಿದ್ದನ್ನು ನಾನು ನೋಡಿದೆನೋ ಇಲ್ಲವೋ ಎಂದು ಕಡೆಗಣ್ಣಿನಲ್ಲಿ ಖಚಿತಪಡಿಸಿಕೊಳ್ಳುತ್ತಾರೆ.

ನಾನು ಮನೆಯಲ್ಲೇ ಹೊಲಿಯುವವಳು. ಇಲ್ಲಿನ ನಮ್ಮವರ ರವಿಕೆಗಳು, ಸೀರೆಗೆ ಫಾಲ್, ಮಕ್ಕಳ ಭರತನಾಟ್ಯದ ಉಡುಪು, ಸಂಘದ ವಾರ್ಷಿಕೋತ್ಸವಕ್ಕೆ ನಾಟಕದ ರಾಜನ ಅಂಗಿ. ಬ್ಯಾಲೆಯ ಬಗ್ಗೆ ನನಗೆ ಗೊತ್ತಿದ್ದದ್ದು ತುದಿಗಾಲಿನಲ್ಲಿ ನಿಂತ ಹುಡುಗಿಯ ಚಿತ್ರದಷ್ಟೇ. ಹೀಗಿರುವಾಗ ಒಂದು ಜನವರಿಯಲ್ಲಿ ಭರತನಾಟ್ಯ ಕಲಿಯುವ ಮಗುವಿನ ತಾಯಿಯೊಬ್ಬಳು ನನ್ನ ವಿಳಾಸ ಕೊಟ್ಟಳೆಂದು ಒಬ್ಬ ಇಂಗ್ಲಿಷ್ ಹೆಂಗಸು ಬಂದರು. ಇಲ್ಲಿ ಬಹಳ ವರ್ಷಗಳಿಂದ ಮಕ್ಕಳಿಗೆ ಬ್ಯಾಲೆ ಕಲಿಸುವವರು. ಎಪ್ಪತ್ತು ದಾಟಿದ ಮುಖ, ಇಪ್ಪತ್ತರ ಬೆನ್ನು. ಅವರು ನಮ್ಮ ಸೋಫಾದ ಮೇಲೆ ಕೂತ ರೀತಿ ನೋಡಿ ನಾನೂ ನೆಟ್ಟಗಾದೆ. ಅವರನ್ನು ನಾವು ಕೊನೆಯವರೆಗೂ ಟೀಚರ್ ಎಂದೇ ಕರೆದೆವು.

ಟೀಚರ್ ಹಳೆಯ ಬೆಡ್‌ಶೀಟಿನ ಗಂಟೊಂದನ್ನು ಬಿಚ್ಚಿದರು. ಒಳಗಿದ್ದದ್ದು ಟುಟು. ಬ್ಯಾಲೆಯವರ ಸೊಂಟದ ಸುತ್ತ ತಟ್ಟೆಯಂತೆ ಅಡ್ಡಕ್ಕೆ ನಿಲ್ಲುವ ಲಂಗ, ಅದಕ್ಕೆ ಹೊಲಿದ ಬಿಗಿಯಾದ ಮೇಲಂಗಿ. ಸ್ಯಾಟಿನ್ನು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಹೊಲಿದವರು ಅವರ ತಾಯಿ. ಸಾವಿರದ ಒಂಬೈನೂರ ಐವತ್ತರ ದಶಕದಲ್ಲಿ ಆಕೆ ಒಂದು ಬ್ಯಾಲೆ ಕಂಪೆನಿಯ ಉಡುಪಿನ ಕೋಣೆಯಲ್ಲಿ ಕೆಲಸಕ್ಕಿದ್ದರಂತೆ. ಕಂಪೆನಿ ಹಳೆಯ ಉಡುಪುಗಳನ್ನು ಎಸೆಯುವಾಗ ಇದೊಂದನ್ನು ಕೇಳಿ ಇಟ್ಟುಕೊಂಡಿದ್ದರಂತೆ.

ಟೀಚರ್ ಮಾರ್ಚಿನಲ್ಲಿ ಒಮಾನ್ ಬಿಟ್ಟು ಹೋಗುವವರಿದ್ದರು. ಅದಕ್ಕೆ ಮೊದಲು ಶಿಷ್ಯೆಯರ ಕೊನೆಯ ಕಾರ್ಯಕ್ರಮ. ಅದರಲ್ಲಿ ಹದಿನಾರರ ಒಬ್ಬ ಹುಡುಗಿ ಈ ಟುಟು ಹಾಕಿ ಕುಣಿಯಬೇಕು. ಮೇಲಂಗಿಯನ್ನು ಅವಳ ಅಳತೆಗೆ ತರುವ ಕೆಲಸ ನನ್ನದು.

"ನನ್ನ ತಾಯಿ ಇದನ್ನು ಎದುರಿನಿಂದ ಒಮ್ಮೆಯೂ ನೋಡಿದವರಲ್ಲ" ಎಂದರು ಟೀಚರ್. "ಆಟದ ಹೊತ್ತಿಗೆ ಸೂಜಿ ಹಿಡಿದು ಪರದೆಯ ಬದಿಯಲ್ಲಿ ನಿಂತಿರುತ್ತಿದ್ದರು. ಮಗುವಾಗಿದ್ದ ನಾನೂ ಅವರ ಕಾಲ ಬಳಿ. ನಮಗೆ ಕಂಡದ್ದೆಲ್ಲ ಪಕ್ಕದಿಂದ. ಹೋಗುವ ಮೊದಲು ಒಮ್ಮೆ ನಾನು ಪ್ರೇಕ್ಷಕರ ಜಾಗದಲ್ಲಿ ಕೂತು ಇದನ್ನು ನೋಡಬೇಕು."

ಇಷ್ಟೇ ಅವರ ಆಸೆ. ಯಾರಿಗೂ ಕಷ್ಟ ಕೊಡದ ಆಸೆ ಎಂದು ನನಗೆ ಆಗ ಅನಿಸಿತ್ತು.

ಅವರು ಹೋದ ಮೇಲೆ ಮೇಲಂಗಿಯ ಒಳಭಾಗ ತಿರುವಿ ನೋಡಿದೆ. ನನ್ನ ಕೆಟ್ಟ ಚಾಳಿ ಅದು. ಮದುವೆ ಮನೆಯಲ್ಲಿ ಪಕ್ಕದವಳ ಸೆರಗು ಸರಿದರೂ ನನ್ನ ಕಣ್ಣು ರವಿಕೆಯ ಹೊಲಿಗೆಗೇ ಹೋಗುತ್ತದೆ. ಬೆನ್ನಿನಲ್ಲಿ ಹುಕ್ಕುಗಳು ಒಂದು ಸಾಲಲ್ಲ, ಪಕ್ಕಪಕ್ಕದಲ್ಲಿ ಹಲವು ಸಾಲು. ಬದಿಯ ಹೊಲಿಗೆಗಳಲ್ಲಿ ಬಟ್ಟೆಯನ್ನು ಧಾರಾಳವಾಗಿ ಒಳಗೆ ಬಿಟ್ಟಿದ್ದರು. ಒಬ್ಬಳು ಹೋಗಿ ಇನ್ನೊಬ್ಬಳು ಬಂದರೆ, ದಪ್ಪಗಿದ್ದವಳು ತೆಳ್ಳಗಾದರೆ ಬಿಚ್ಚಿ ಹೊಲಿಯಲಿಕ್ಕೆ. ಮಾಮಿ ರವಿಕೆಗೆ ಬಿಡುವ ಮಾರ್ಜಿನ್ನೂ ಹೀಗೆಯೇ. ಮದುವೆಯ ರವಿಕೆ ಮೊದಲ ಹೆರಿಗೆಯ ಆಚೆಗೂ ಬರಬೇಕು ಎಂಬುದು ಅವರ ಲೆಕ್ಕ. ಎಲ್ಲಿಯೋ ಹುಟ್ಟಿದ ಹೆಂಗಸು, ಯಾವುದೋ ಕುಣಿತದ ಅಂಗಿ, ಒಳಗೆ ನೋಡಿದರೆ ನಮ್ಮದೇ ಬುದ್ಧಿ.

ಮಾಮಿ ಬಂದು ಲಂಗ ಮುಟ್ಟಿ ನೋಡಿದರು. ಮೂಸಿ ನೋಡಿದರು.

"ಇದನ್ನು ಯಾವಾಗ ಒಗೆದದ್ದಂತೆ?"

"ಒಗೆಯುವುದೇ ಇಲ್ಲವಂತೆ ಮಾಮಿ. ಬೆವರಿನ ವಾಸನೆಗೆ ಅವರ ತಾಯಿ ಒಳಗಿನಿಂದ ವೋಡ್ಕಾ ಚಿಮುಕಿಸ್ತಿದ್ದರಂತೆ."

"ಸಾರಾಯಿಯಾ! ಕುಡಿಯುವುದು ಗೊತ್ತುಂಟು, ಬಟ್ಟೆಗೂ ಕುಡಿಸುವುದಾ?" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಮೇಲಂಗಿ ಬಿಡಿಸದೆ ಕೆಲಸವಾಗುವಂತಿರಲಿಲ್ಲ. ಮರುದಿನ ಲಂಗವನ್ನು ಅದರಿಂದ ಬೇರೆ ಮಾಡಿ ಮಂಚದ ಮೇಲೆ ಹರಡಿಟ್ಟು, ಅದೇ ಬಣ್ಣದ ಸ್ಯಾಟಿನ್ ಪಟ್ಟಿ ಹುಡುಕಲು ಮತ್ರಾದ ಸೂಕ್‌ಗೆ, ಇಲ್ಲಿಯ ಹಳೆಯ ಪೇಟೆಗೆ, ಹೋದೆ. ಅಲ್ಲಿ ತಲೆಮಾರುಗಳಿಂದ ಬಟ್ಟೆ ಮಾರುವ ಗುಜರಾತಿ ಅಂಗಡಿಯಲ್ಲಿ ಎಂತೆಂಥ ಪಟ್ಟಿಗಳೋ ಇದ್ದವು, ಹಳತಾದ ಬಿಳಿ ಮಾತ್ರ ಇರಲಿಲ್ಲ. ಹಳೆಯದಾಗುವುದನ್ನು ಯಾರೂ ಸ್ಟಾಕ್ ಇಡುವುದಿಲ್ಲವಲ್ಲ. ಕೊನೆಗೆ ಒಂದು ತುಂಡು ಸಿಕ್ಕಿ ಖುಷಿಯಲ್ಲೇ ಮನೆಗೆ ಬಂದೆ.

ಬಾತ್‌ರೂಮಿನ ದೊಡ್ಡ ಬಕೆಟಿನಲ್ಲಿ ಲಂಗ ನೆನೆಯುತ್ತಿತ್ತು.

ನಮ್ಮ ಕಡೆ ಹೊಲಿಯುವವರ ಮನೆಯಲ್ಲಿ ಹುಟ್ಟಿದವರಿಗೆ ಇದು ಅರ್ಥವಾಗುತ್ತದೆ. ಲೈನಿಂಗ್ ಬಟ್ಟೆಯಾಗಲಿ, ಫಾಲ್ ಆಗಲಿ, ನೀರಿನಲ್ಲಿ ನೆನೆಸಿ ಒಣಗಿಸದೆ ಸೂಜಿ ಮುಟ್ಟಿಸುವುದಿಲ್ಲ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ ಮಾನ ಹೋಗುತ್ತದೆ. ಮಾಮಿಗೆ ಅದು ಕೈಕಾಲು ತೊಳೆದು ಒಳಗೆ ಬರುವಷ್ಟೇ ಸಹಜ. ತಿರುಗಿ ಹೊಲಿಯಲಿಕ್ಕಿರುವ ಬಟ್ಟೆ, ಅದೂ ಹುಟ್ಟಿದ ಮೇಲೆ ನೀರೇ ಕಾಣದ್ದು! ಸೊಸೆಗೆ ಒಂದು ಕೆಲಸ ಕಡಿಮೆಯಾಗಲಿ ಎಂದು ನೆನೆಸಿದ್ದರು. ಎರಡು ಹನಿ ನೀಲಿಯನ್ನೂ ಹಾಕಿದ್ದರು.

ಎತ್ತಿದೆ. ಆ ಕಾಲದ ಹತ್ತಿಯ ಬಲೆಬಟ್ಟೆಗೆ ನಿಲ್ಲುವ ಶಕ್ತಿ ಇದ್ದದ್ದು ಅದಕ್ಕೆ ಹಾಕಿದ್ದ ಗಂಜಿಯಂಥ ಯಾವುದರಿಂದಲೋ. ಅದೆಲ್ಲ ಬಕೆಟಿನಲ್ಲಿ ಕರಗಿಹೋಗಿತ್ತು. ಪದರ ಪದರವಾಗಿ ನಿಂತಿದ್ದ ಲಂಗ ಅಡುಗೆಮನೆಯ ಮಸಿಬಟ್ಟೆಯಂತೆ ಜೋತುಬಿತ್ತು. ನಾನು ಕೂಗಾಡಿದೆ. ನನಗೆ ಸಿಟ್ಟು ಬಂದರೆ ಕೆಳಗಿನ ಮಹಡಿಯ ಮಲಯಾಳಿಗಳಿಗೂ ಗೊತ್ತಾಗುತ್ತದೆ. ಮಾಮಿ ಒಂದೂ ಎದುರು ಮಾತಾಡಲಿಲ್ಲ. ಅವರು ಎದುರು ಮಾತಾಡದಿದ್ದದ್ದು ನನ್ನ ಮೂವತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು.

ಟೀಚರನ್ನು ಕರೆಸಿದೆ. ಅವರು ಬಂದು, ಬಾಲ್ಕನಿಯ ಹಗ್ಗದಲ್ಲಿ ನೇತಾಡುತ್ತಿದ್ದ ಲಂಗ ನೋಡಿ, ಒಂದೇ ಮಾತು ಹೇಳಿದರು: "ಖಲಾಸ್."

ಮಸ್ಕತ್‌ನಲ್ಲಿ ನಾಲ್ಕು ದಿನ ಇದ್ದವರಿಗೂ ಆ ಮಾತು ಬರುತ್ತದೆ. ಮುಗಿಯಿತು ಎಂದರ್ಥ. ಕೆಳಗಿನ ಅಂಗಡಿಯವನಿಂದ ಮಾಮಿಯೂ ಕಲಿತಿದ್ದರು. ನಾನು ಅನುವಾದ ಮಾಡಬೇಕಾಗಿರಲಿಲ್ಲ, ಅದು ನೆಟ್ಟಗೆ ಹೋಗಿ ನಾಟಿತು.

ಲೆಹೆಂಗಾದ ಒಳಗೆ ಹಾಕುವ ಕ್ಯಾನ್‌ಕ್ಯಾನ್ ನೈಲಾನ್ ಬಟ್ಟೆಯಿಂದ ಹೊಸ ಲಂಗ ಮಾಡಿಕೊಡುತ್ತೇನೆ ಎಂದೆ. ಟೀಚರ್ ಒಪ್ಪಿದರು. ಒಳ್ಳೆಯ ಮಾತಿನಲ್ಲೇ ಒಪ್ಪಿದರು, ಅದೇ ನನಗೆ ಹೆಚ್ಚು ಚುಚ್ಚಿತು. ಅವರು ಎದ್ದು ಬಾಗಿಲ ತನಕ ಹೋದಾಗ ಮಾಮಿ ಹಿಂದಿನಿಂದ ಹೋಗಿ ಅವರ ತೋಳು ಹಿಡಿದರು.

"ಅವರಿಗೆ ಹೇಳು, ನೀರಿಗೆ ಹಾಕಿದ್ದು ನಾನು. ಎಬ್ಬಿಸಿ ನಿಲ್ಲಿಸಿ ಕೊಡುವುದೂ ನಾನೇ. ಅವರ ಅಮ್ಮ ಎಂತ ಹಾಕ್ತಿದ್ದರು, ಹೇಗೆ ಒಣಗಿಸ್ತಿದ್ದರು, ಅಷ್ಟು ಕೇಳು."

"ಮಾಮಿ, ಇನ್ನು ಅದನ್ನು ಮುಟ್ಟುವುದು ಬೇಡ."

"ನೀನು ಕೇಳು ಮಾರಾಯ್ತಿ!"

ಕೇಳಿದೆ. ಟೀಚರಿಗೆ ನೆನಪಿದ್ದದ್ದು ಸ್ವಲ್ಪವೇ. ಕೋಣೆಯಲ್ಲಿ ಯಾವುದೋ ಹಿಟ್ಟಿನ ವಾಸನೆ. ಲಂಗಗಳನ್ನು ತಲೆಕೆಳಗಾಗಿ ತೂಗುಹಾಕುತ್ತಿದ್ದರು, ಹಾಗಾಗಿ ನೇರ ಹಿಡಿದಾಗ ಪದರಗಳು ಜೋಲದೆ ಅಡ್ಡಕ್ಕೆ ನಿಲ್ಲುತ್ತಿದ್ದವು. ತಾಯಿ ಒದ್ದೆ ಬೆರಳಿನಿಂದ ಒಂದೊಂದು ಮಡಿಕೆಯನ್ನೂ ಎಳೆದು ಬಿಡಿಸುತ್ತಿದ್ದರು. ಇಷ್ಟು ಹೇಳುವಾಗ ಅವರು ತಿರುಗಿ ಬಂದು ಸೋಫಾದ ಮೇಲೆ ಕೂತಿದ್ದರು.

"ಹಿಟ್ಟಿನ ವಾಸನೆ ಅಲ್ಲವಾ? ಅದು ಗಂಜಿಯೇ" ಎಂದರು ಮಾಮಿ.

ಮರುದಿನದಿಂದ ನಮ್ಮ ಅಡುಗೆಮನೆ ನನ್ನ ಕೈತಪ್ಪಿತು. ಲಂಗದ ಒಳಪದರದಿಂದ ಕತ್ತರಿಸಿದ ಅಂಗೈಯಗಲದ ತುಂಡಿನ ಮೇಲೆ ಪ್ರಯೋಗ. ಊಟಕ್ಕೆ ಮಾಡುವ ಕುಚ್ಚಲಕ್ಕಿಯ ತಿಳಿ ಹಾಕಿದರೆ ಬಟ್ಟೆ ಕೆಂಪಡರಿತು. ಬಾಸ್ಮತಿಯ ಗಂಜಿಗೆ ಬರೀ ಪರಿಮಳ, ಹಿಡಿತವಿಲ್ಲ. ಸಕ್ಕರೆ ಪಾಕ ಬೆರೆಸಿದಾಗ ತುಂಡು ಹಪ್ಪಳದಂತೆ ಗಟ್ಟಿಯಾಗಿ ನಿಂತಿತು. ಮಾಮಿ ಗೆದ್ದೆನೆಂದು ನಗುವಷ್ಟರಲ್ಲಿ ಇರುವೆಗಳು ಸಾಲಾಗಿ ಬಂದವು. ಆ ಹುಡುಗಿ ಕುಣಿಯುವಾಗ ಇರುವೆ ಕಚ್ಚಿದರೆ ಬ್ಯಾಲೆಯಲ್ಲಿ ಹೊಸ ಹೆಜ್ಜೆಯೊಂದು ಸೇರೀತು ಎಂದು ನನ್ನ ಗಂಡ ಹೇಳಿದಾಗ ಅವರ ತಾಯಿ ಸೌಟು ಎತ್ತಿದರು. ಕೊನೆಗೆ ದೋಸೆಗೆ ತಂದಿದ್ದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು, ಕಾಯಿಸಿ, ಸೋಸಿ ಹಾಕಿದ್ದು ಬಿಳಿಯಾಗಿಯೂ ಬಿಗಿಯಾಗಿಯೂ ನಿಂತಿತು.

ಟೀಚರ್ ದಿನಾ ಸಂಜೆ ನಾಲ್ಕರ ಹೊತ್ತಿಗೆ ಬರತೊಡಗಿದರು. ಮೊದಲು ಕಾವಲಿಗೆ ಬಂದವರಂತೆ ದೂರ ಕೂತರು. ಮತ್ತೆ ಸ್ಟೂಲು ಎಳೆದುಕೊಂಡು ಬಾಲ್ಕನಿಗೇ ಬಂದರು. ಮಾಮಿ ಚಾಪೆಯ ಮೇಲೆ ಕಾಲು ನೀಡಿ ಒಂದು ಬದಿಯಿಂದ, ಟೀಚರ್ ಇನ್ನೊಂದು ಬದಿಯಿಂದ, ಗಂಜಿಯಲ್ಲಿ ಅದ್ದಿದ ಪದರಗಳ ಮಡಿಕೆಗಳನ್ನು ಬೆರಳಲ್ಲಿ ಎಳೆಎಳೆದು ಬಿಡಿಸುವುದು. ಒಬ್ಬರಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬರಿಗೆ ತುಳು ಬಾರದು. ನಾನು ನಡುವೆ ಕೂತು ಎರಡೂ ಕಡೆಗೆ ಮಾತು ಸಾಗಿಸುತ್ತಿದ್ದೆ. ಕೆಲವನ್ನು ಸಾಗಿಸದೆ ನುಂಗುತ್ತಲೂ ಇದ್ದೆ. ಟೀಚರ್ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ ಎಂಬುದರ ಬಗ್ಗೆ ಮಾಮಿಯ ಅಭಿಪ್ರಾಯ ಅವರಿಗೆ ಮುಟ್ಟಿಲ್ಲ.

ಟೀಚರ್ ತಾಯಿಯಿಂದ ಕೇಳಿದ ಆ ಕಾಲದ ಸಂಗತಿ ಹೇಳುತ್ತಿದ್ದರು. ಯುದ್ಧ ಮುಗಿದರೂ ಬಟ್ಟೆಗೆ ರೇಷನ್. ಹೆಂಗಸರು ಗಂಡಸರ ಕೋಟು ಬಿಚ್ಚಿ ತಮಗೆ ಸ್ಕರ್ಟು ಹೊಲಿದುಕೊಂಡ ಕಾಲ. ಅದು ಮುಗಿದದ್ದೇ ತಡ, ಹಸಿದವರು ಊಟಕ್ಕೆ ಕೂತಂತೆ ಫ್ಯಾಷನ್ ಬದಲಾಯಿತಂತೆ. ಸೊಂಟ ಹಿಡಿಯಷ್ಟು, ಕೆಳಗೆ ಮೀಟರುಗಟ್ಟಲೆ ಬಟ್ಟೆಯ ಘೇರು. ಬ್ಯಾಲೆಯವರ ಉಡುಪು ನೋಡಿ ಅಂಗಡಿಯವರು, ಅಂಗಡಿಯದ್ದನ್ನು ನೋಡಿ ಬ್ಯಾಲೆಯವರು. ಕುಣಿಯುವವರ ಚಪ್ಪಟೆ ಬೂಟು ಹಾಕಿ ಪೇಟೆ ತಿರುಗುವ ಹುಡುಗಿಯರು. ಟಿಕೆಟು ಕೊಂಡು ಬಂದ ಹೆಂಗಸರ ಲಂಗಗಳು ಕುರ್ಚಿಗಳಿಂದ ಆಚೆ ಚೆಲ್ಲುತ್ತಿದ್ದವಂತೆ. "ಅವರೆಲ್ಲರ ನಡುವೆ ನನ್ನ ತಾಯಿಗೆ ಒಂದೇ ಕೋಟು" ಎಂದರು.

ಮಾಮಿಗೆ ಇದು ಹೊಸತಾಗಲಿಲ್ಲ. "ಘೇರಿನ ಫ್ರಾಕು ನಮ್ಮಲ್ಲಿಗೂ ಬಂದಿತ್ತಲ್ಲ! ನನಗೆ ಹೊಲಿಗೆ ಕಲಿಸಿದ ಬಾಯಮ್ಮನ ತಂಗಿ ಬೊಂಬಾಯಿಯಿಂದ ತಂದದ್ದು. ಕ್ರಿಸ್ಮಸಿಗೆ ಇಗರ್ಜಿಗೆ ಹೋಗುವ ಹುಡುಗಿಯರಿಗೆಲ್ಲ ಅದೇ ಬೇಕು. ಒಳಲಂಗಕ್ಕೆ ಸಕ್ಕರೆ ಗಂಜಿ ಹಾಕಿ ನಿಲ್ಲಿಸುವುದು." ಬಾಯಮ್ಮ ಎಂದರೆ ಅವರ ನೆರೆಮನೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ನಾನು ಲೆಕ್ಕ ಹಾಕಿದೆ. ಹೆಚ್ಚುಕಡಿಮೆ ಅದೇ ವರ್ಷಗಳು. ಅಲ್ಲಿಯ ವೇದಿಕೆಯ ಮೇಲೆ ಹುಟ್ಟಿದ ಸೊಂಟ ಹಡಗು ಹತ್ತಿ ಬೊಂಬಾಯಿಗೆ ಬಂದು, ಟ್ರಂಕಿನಲ್ಲಿ ಕೂತು ನಮ್ಮ ಕರಾವಳಿಗೆ ಬಂದು, ಮಾಮಿಯ ಕತ್ತರಿಗೆ ಸಿಕ್ಕಿತ್ತು. ಬರುವ ದಾರಿಯಲ್ಲಿ ಯಾರು ಯಾರು ಅದನ್ನು ಕತ್ತರಿಸಿ ಹೊಲಿದರೋ, ಅವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಫ್ಯಾಷನ್ ಎಂದರೆ ಹಾಕಿಕೊಂಡವರ ಚರಿತ್ರೆ ಮಾತ್ರ ಎಂದು ನನಗೆ ಬಹಳ ಬೇಸರವಾಯಿತು.

ಹೀಗೆ ಒಂದು ಸಂಜೆ ಟೀಚರ್ ಕೇಳಿದರು, "ಇವರು ಹೆಚ್ಚು ಹೊಲಿದದ್ದು ಎಂಥ ಬಟ್ಟೆ?"

"ಮದುಮಗಳ ರವಿಕೆ" ಎಂದೆ.

"ಹಾಗಾದರೆ ಇವರು ನನ್ನ ತಾಯಿಗಿಂತ ಅದೃಷ್ಟವಂತರು. ಮದುವೆಗಳಲ್ಲಿ ಎದುರಿಗೇ ನೋಡಿರುತ್ತಾರೆ."

ಇದನ್ನು ನುಂಗಿಬಿಡೋಣ ಎಂದುಕೊಂಡೆ. ಆದರೆ ಮಾಮಿ ಬೆರಳು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಹೇಳಿದೆ.

"ಇಲ್ಲಪ್ಪ" ಎಂದರು ಮಾಮಿ. "ನಾನು ಹೋಗ್ಲಿಕ್ಕುಂಟಾ?" ಮತ್ತೆ ಮಡಿಕೆ ಎಳೆಯತೊಡಗಿದರು.

ಯಾಕೆಂದು ಟೀಚರ್ ಕೇಳಿದರು. ಅದನ್ನು ನಾನೇ ಹೇಳಬೇಕಾಯಿತು. ಮಾವ ತೀರಿಹೋದಾಗ ನನ್ನ ಗಂಡ ಇನ್ನೂ ಕನ್ನಡ ಶಾಲೆಯ ಹುಡುಗ. ಮಾಮಿ ಹೊಲಿಗೆಯಿಂದಲೇ ಮನೆ ನಡೆಸಿದವರು. ಊರಿನ ಮದುಮಗಳಿಗೆ ರವಿಕೆ ಅವರೇ ಹೊಲಿಯಬೇಕು, ಅವರ ಕೈಯ ಹೊಲಿಗೆ ಮೈಗೆ ಕೂತಂತೆ ಇನ್ಯಾರದ್ದೂ ಕೂರದು. ಆದರೆ ಗಂಡ ಸತ್ತವಳು ಧಾರೆಯ ಹೊತ್ತಿಗೆ ಮದುಮಗಳ ಎದುರು ಬರಬಾರದು. ಹಿಂದಿನ ಸಂಜೆಯೇ ರವಿಕೆಯನ್ನು ಹಿಂಬಾಗಿಲಿನಲ್ಲಿ ಕೊಟ್ಟು ಬರುತ್ತಿದ್ದರು. ಅವರ ಕೈ ಬೇಕಿತ್ತು, ಮುಖ ಬೇಕಿರಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಹೇಳುತ್ತ ಹೋದಂತೆ ನನಗೆ ಸಿಟ್ಟು ಬಂತು. ಹೊರಗಿನವರ ಎದುರು ಮನೆಯ ಕೊಳೆ ಬಿಚ್ಚಿಟ್ಟೆನೆಂಬ ನಾಚಿಕೆಯಲ್ಲ. ಇಷ್ಟು ವರ್ಷ ಇದನ್ನು ನಮ್ಮ ಭಾಷೆಯಲ್ಲಿ ಹೇಳುವಾಗ ಯಾಕೆ ಸಿಟ್ಟು ಬಂದಿರಲಿಲ್ಲ ಎಂಬ ಸಿಟ್ಟು.

ಟೀಚರ್ ಆ ಸಂಜೆಯ ಮಡಿಕೆಗಳನ್ನೆಲ್ಲ ಬಿಡಿಸಿ ಮುಗಿಸಿದರು. ಹೋಗುವಾಗ, "ಕಾರ್ಯಕ್ರಮದ ದಿನ ಇವರ ಕುರ್ಚಿ ನನ್ನ ಪಕ್ಕದಲ್ಲಿ" ಎಂದರು.

ತಲೆಕೆಳಗಾಗಿ ತೂಗುಹಾಕಿದ ಲಂಗ ಒಣಗಿತು. ಸಮುದ್ರದ ಇಬ್ಬನಿ ತಾಗದಿರಲೆಂದು ಕತ್ತಲಾಗುವ ಮೊದಲೇ ಒಳಗೆ ತರುತ್ತಿದ್ದೆವು. ನಾನು ಮೇಲಂಗಿಗೆ ಅದನ್ನು ತಿರುಗಿ ಜೋಡಿಸಿ, ಪದರದಿಂದ ಪದರಕ್ಕೆ ಸಡಿಲವಾದ ಟಾಕಾ ಹಾಕಿದೆ. ನೇರ ಹಿಡಿದಾಗ ನಿಂತಿತು. ಮೊದಲಿನಷ್ಟು ಚಪ್ಪಟೆಯಾಗಿ ಅಲ್ಲ, ಅಂಚು ತುಸು ಬಾಗಿತ್ತು. ಆದರೆ ನಿಂತಿತು. ಕುಣಿದಾಗಲೂ ನಿಲ್ಲುತ್ತದೆಯೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೊಸ ನೈಲಾನ್ ಲಂಗವನ್ನೂ ಜೊತೆಗೆ ಒಯ್ದೆ. ಮಾಮಿಗೆ ಕಾಣದ ಹಾಗೆ ಚೀಲದ ತಳದಲ್ಲಿ.

ಕಾರ್ಯಕ್ರಮ ಶುಕ್ರವಾರ ಸಂಜೆ, ಒಂದು ಬಾಡಿಗೆ ಹಾಲಿನಲ್ಲಿ. ಹುಡುಗಿಗೆ ಹುಕ್ಕು ಹಾಕಿ ನಾನು ಹೊರಗೆ ಕರೆತರುವಾಗ ಮಾಮಿ ವೇದಿಕೆಗೆ ಹೋಗುವ ಓಣಿಯಂಥ ದಾರಿಯಲ್ಲಿ ನಿಂತಿದ್ದರು. ಹುಡುಗಿಯನ್ನು ಕಂಡದ್ದೇ ಗಕ್ಕನೆ ಗೋಡೆಗೆ ಮುಖ ಮಾಡಿದರು. ಮಗು ಒಳ್ಳೆಯ ಕೆಲಸಕ್ಕೆ ಹೊರಟಿದೆ, ತನ್ನ ಮುಖ ಎದುರಾಗಬಾರದು. ಅಷ್ಟು ದಿನ ಆ ಲಂಗದ ಒಂದೊಂದು ಮಡಿಕೆ ಬಿಡಿಸಿದವರು ಗೋಡೆಯ ಸುಣ್ಣ ನೋಡುತ್ತ ನಿಂತರು. ಹಿಂದಿನಿಂದ ಬಂದ ಟೀಚರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಅವರು ಮಾಮಿಯ ಭುಜ ಹಿಡಿದು ತಿರುಗಿಸಿ, ಹುಡುಗಿಯ ಎದುರೇ ನಿಲ್ಲಿಸಿ, ನಡೆಯಿರಿ ಎಂಬುದಕ್ಕೆ ಇಲ್ಲಿಯವರು ಹೇಳುವ ಹಾಗೆ "ಯಲ್ಲಾ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ ಹುಡುಗಿಗೆ ಇದಾವುದೂ ತಿಳಿಯದು. ಅವಳು ಮಾಮಿಗೆ ನಕ್ಕು ಕೈಬೀಸಿದಳು.

ನಾನು ಪರದೆಯ ಪಕ್ಕದಲ್ಲಿ ನಿಂತು ನೋಡಿದೆ. ಹುಡುಗಿ ತಿರುಗಿದಾಗ ಲಂಗ ನಡುಗಿತು, ನಿಂತಿತು. ಹಾರಿ ಇಳಿದಾಗ ಪದರಗಳು ಒಮ್ಮೆ ಉಸಿರೆಳೆದು ತಮ್ಮ ಜಾಗಕ್ಕೆ ಬಂದವು. ಮೂರನೆಯ ಸಾಲಿನಲ್ಲಿ ಇಬ್ಬರು ಮುದುಕಿಯರು ಅಲುಗಾಡದೆ ಕೂತಿದ್ದರು. ಟೀಚರ್ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು.

ಮುಗಿದ ಮೇಲೆ ಹೋದೆ. "ಇಷ್ಟು ಹಗುರ ಕಾಣುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ" ಎಂದರು ಟೀಚರ್. ನನಗೆ ಎನ್ನಲಿಲ್ಲ, ನಮಗೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಮಾಮಿಯದು ಒಣಗಿಯೇ ಇತ್ತು. "ಎಡಗಡೆ ಒಂದು ಮಡಿಕೆ ಕೆಳಗೆ ಬಂದಿತ್ತು. ಆ ಕಡೆ ಎಳೆದದ್ದು ಟೀಚರೇ. ಹೇಳಬೇಡ" ಎಂದರು.

ಮನೆಗೆ ಹೊರಟೆವು. ಹೆದ್ದಾರಿಯಲ್ಲಿ ಎಂದಿನಂತೆ ಕಾರುಗಳ ಸಾಲು. ಗಂಡ ಕಾರು ಓಡಿಸುತ್ತಿದ್ದರು, ನಾನು ಹಿಂದೆ ಮಾಮಿಯ ಪಕ್ಕ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಬಹಳ ದೂರ ಬಂದ ಮೇಲೆ, ಏನೋ ಸಾಮಾನು ತಂದದ್ದಾಯಿತಾ ಎಂದು ಕೇಳುವ ಧಾಟಿಯಲ್ಲಿ ಕೇಳಿದರು:

"ನಿನ್ನ ಧಾರೆಯ ರವಿಕೆ ನಾನು ಹೊಲಿದದ್ದಲ್ಲವಾ. ಬೆನ್ನಿಗೆ ಸರಿ ಕೂತಿತ್ತಾ?"

ನನ್ನ ಮದುವೆಯಲ್ಲಿ, ಸ್ವಂತ ಮಗನ ಮದುವೆಯಲ್ಲಿ, ಧಾರೆ ಎರೆಯುವಾಗ ಅವರು ಮದುವೆ ಹಾಲ್‌ನ ಹಿಂದೆ ಅಡುಗೆಯವರ ಜೊತೆ ಇದ್ದರು. ಅಲ್ಲಿರಲಿ ಎಂದು ಯಾರೂ ಹೇಳಿರಲಿಲ್ಲ. ಎದುರಿಗೆ ಬನ್ನಿ ಎಂದೂ ಯಾರೂ ಹೇಳಿರಲಿಲ್ಲ.

"ಫೋಟೋ ನೋಡಿದ್ದೀರಲ್ಲ ಮಾಮಿ" ಎಂದೆ.

"ಫೋಟೋದಲ್ಲಿ ಬೆನ್ನು ಎಲ್ಲಿ ಕಾಣ್ತದೆ?"

ಗಂಡ ಕನ್ನಡಿಯಲ್ಲಿ ಒಮ್ಮೆ ನಮ್ಮನ್ನು ನೋಡಿ ಕಣ್ಣು ತೆಗೆದರು. ಬೆನ್ನಿಗೆ ಹೇಗೆ ಕೂತಿತ್ತೆಂದು ನನಗೆ ಗೊತ್ತಿರಲಿಲ್ಲ. ಅದನ್ನು ನೋಡಿ ಹೇಳಬಲ್ಲವರು ಆ ಹೊತ್ತಿಗೆ ತೆಂಗಿನಕಾಯಿ ತುರಿಯುತ್ತಿದ್ದರು.

"ಸರಿ ಕೂತಿತ್ತು ಮಾಮಿ" ಎಂದೆ. "ಒಂದು ಸುಕ್ಕೂ ಇರಲಿಲ್ಲ."

"ಹಾಂ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇದ್ದಿರಲಿಕ್ಕಿಲ್ಲ" ಎಂದರು.